ಕ್ಲೀವೇಜ್ 73%, ಬ್ಲಾಸ್ಟೊಸಿಸ್ಟ್ ಬರೀ 8%: ಹಸುವಿನ ಭ್ರೂಣ 8–16 ಕೋಶದಲ್ಲೇ ನಿಲ್ಲುತ್ತಿದೆ, ಎಲ್ಲಿ ತಪ್ಪುತ್ತಿದೆ?

ದೇವನಹಳ್ಳಿ_ಐವಿಎಫ್

ಎಲ್ಲರಿಗೂ ನಮಸ್ಕಾರ. ಹಸುವಿನ ಭ್ರೂಣ ಬೆಳೆಸುವವರು ಈ ಲೆಕ್ಕ ನೋಡಿ ಹೇಳಬೇಕು. ಕಳೆದ ಆರು ಒಪಿಯು (ಅಂಡಾಶಯದಿಂದ ಸೂಜಿಯಲ್ಲಿ ಅಂಡ ಹೀರುವ) ಸೆಷನ್ ಸೇರಿಸಿ, ಮೆಚುರೇಷನ್‌ಗೆ (ಪಕ್ವವಾಗಲು) ಹಾಕಿದ ಓಸೈಟ್ (ಅಂಡ) 142, ವೀರ್ಯ ಬಿಟ್ಟ 48 ಗಂಟೆಗೆ ಒಡೆದದ್ದು (ಕ್ಲೀವೇಜ್) 104, 7ನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಒಳಗೆ ನೀರು ತುಂಬಿ ಕಸಿಯ ಹಂತಕ್ಕೆ ಬಂದ ಭ್ರೂಣ) ಆದದ್ದು 11. ಉಳಿದವು 8–16 ಕೋಶಕ್ಕೆ ಬಂದು ಅಲ್ಲೇ ನಿಂತು, 5ನೇ ದಿನದ ಹೊತ್ತಿಗೆ ಕಪ್ಪಾಗುತ್ತವೆ.

ಕ್ರಮ ಹೀಗಿದೆ. ಟಿಸಿಎಂ-199 ಮೀಡಿಯಾಗೆ (ಪೋಷಕ ದ್ರವಕ್ಕೆ) 10% ಸೀರಂ, ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್ ಹಾರ್ಮೋನ್ ಹಾಕಿ 22–24 ಗಂಟೆ ಮೆಚುರೇಷನ್. ಫರ್ಟ್-ಟಾಲ್ಪ್ ಎಂಬ ಫಲೀಕರಣದ ಮೀಡಿಯಾದಲ್ಲಿ ವೀರ್ಯದ ಜತೆ 18–20 ಗಂಟೆ. ಆಮೇಲೆ ಭ್ರೂಣ ಬೆಳೆಸಲು (ಕಲ್ಚರ್) ಎಸ್‌ಒಎಫ್ ಮೀಡಿಯಾ, 50 ಮೈಕ್ರೋಲೀಟರ್ ಡ್ರಾಪ್‌ಗೆ 10–15 ಭ್ರೂಣ, ಮೇಲೆ ಮಿನರಲ್ ಆಯಿಲ್. ಇನ್‌ಕ್ಯುಬೇಟರ್ ಡಿಸ್‌ಪ್ಲೇಯಲ್ಲಿ 38.5 ಡಿಗ್ರಿ, ಕಾರ್ಬನ್ ಡೈಆಕ್ಸೈಡ್ 5.0%, ಆಕ್ಸಿಜನ್ 5.0%. ವೀರ್ಯದ್ದೇ ದೋಷವಿರಬಹುದೆಂದು ಎರಡು ಹೋರಿ ಬದಲಾಯಿಸಿದ್ದಾಯಿತು, ವ್ಯತ್ಯಾಸ ಕಾಣಲಿಲ್ಲ. ಮೊದಲು ಯಾವುದನ್ನು ಹಿಡಿದು ನೋಡಬೇಕು?

ಎಂಬ್ರಿಯೊ_ಯಲಹಂಕ

ಎಲ್ಲಿ ನಿಲ್ಲುತ್ತದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಹಸುವಿನ ಭ್ರೂಣ ತನ್ನ ಸ್ವಂತ ಜೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಓದಲು ಶುರುಮಾಡುವುದು 8–16 ಕೋಶದ ಹಂತದಲ್ಲಿ. ಅಲ್ಲಿಯವರೆಗೆ ಓಸೈಟ್ ತಾಯಿಯಿಂದ ತಂದುಕೊಂಡ ಬುತ್ತಿಯಲ್ಲೇ ನಡೆಯುತ್ತದೆ. ಆದ್ದರಿಂದ ಕ್ಲೀವೇಜ್ ಚೆನ್ನಾಗಿರುವುದು ನಿಮ್ಮ ಕಲ್ಚರ್ ಸರಿಯಾಗಿದೆ ಎನ್ನುವುದಕ್ಕೆ ಸಾಕ್ಷಿ ಅಲ್ಲ. ಮೀಡಿಯಾ ಸುಮಾರಾಗಿದ್ದರೂ ಎರಡು ಮೂರು ಸಲ ಒಡೆದುಬಿಡುತ್ತದೆ.

2–4 ಕೋಶದಲ್ಲೇ ನಿಂತರೆ ಓಸೈಟ್ ಅಥವಾ ವೀರ್ಯದ ಕಡೆ ನೋಡಿ. 8–16ರಲ್ಲಿ ನಿಂತರೆ ಪಿಹೆಚ್, ಆಕ್ಸಿಜನ್, ತಾಪ, ಆಯಿಲ್ ಈ ನಾಲ್ಕನ್ನು ಮೊದಲು ನೋಡಿ, ಜತೆಗೆ ಓಸೈಟ್ ಗ್ರೇಡ್. ಮೊರುಲಾ (ಕೋಶಗಳು ಒಂದೇ ಮುದ್ದೆಯಾದ ಹಂತ) ಆಗಿ ಮುಂದೆ ಹೋಗದಿದ್ದರೆ ಮೀಡಿಯಾ ಹಳಸಿದೆಯೇ, ಅಮೋನಿಯಾ ಏರಿದೆಯೇ ಎಂದು ಅನುಮಾನಿಸಬೇಕು.

48 ಗಂಟೆಗೆ ಎಷ್ಟು ಒಡೆದಿವೆ ಎಂದಷ್ಟೇ ಬರೆದುಕೊಂಡರೆ ಸಾಲದು. ಅದರಲ್ಲಿ 8 ಕೋಶಕ್ಕೆ ಬಂದವು ಎಷ್ಟು ಎಂಬ ಇನ್ನೊಂದು ಕಾಲಂ ಹಾಕಿಕೊಳ್ಳಿ. 48–54 ಗಂಟೆಯೊಳಗೆ 8 ಕೋಶ ಆದವುಗಳಿಂದಲೇ ನಿಮ್ಮ 7ನೇ ದಿನದ ಒಳ್ಳೆಯ ಬ್ಲಾಸ್ಟೊಸಿಸ್ಟ್‌ಗಳು ಬರುವುದು. ಆ ಹೊತ್ತಿಗೆ ಇನ್ನೂ 2 ಕೋಶದಲ್ಲಿರುವುದು ಲೆಕ್ಕದಲ್ಲಿ ‘ಒಡೆದದ್ದು’, ಆದರೆ ಅದರಿಂದ ಕರು ಬರುವುದು ಅಪರೂಪ.

ದೇವನಹಳ್ಳಿ_ಐವಿಎಫ್

ಧನ್ಯವಾದ ಮೇಡಂ. ಫೋಟೊ ತೆಗೆದು ಇಟ್ಟಿದ್ದೆವು, ಎಣಿಸಿದೆ. ಕೊನೆಯ ಎರಡು ಸೆಷನ್‌ನಲ್ಲಿ 48 ಗಂಟೆಗೆ ಒಡೆದದ್ದು 37, ಅದರಲ್ಲಿ 8 ಕೋಶ ಆಗಿದ್ದು 19.

ಎಂಬ್ರಿಯೊ_ಯಲಹಂಕ

ಅರ್ಧಕ್ಕಿಂತ ಮೇಲೆ ಸಮಯಕ್ಕೆ ಸರಿಯಾಗಿ 8 ಕೋಶಕ್ಕೆ ಬಂದಿವೆ. ಓಸೈಟ್ ಪೂರ್ತಿ ಕೆಟ್ಟಿದ್ದರೆ ಇಷ್ಟು ಬರುತ್ತಿರಲಿಲ್ಲ. ನನ್ನ ಅನುಮಾನ ಕಲ್ಚರ್ ಮೇಲೆ.

ಪೀಣ್ಯ_ಇನ್‌ಕ್ಯುಬೇಟರ್

ಡಿಸ್‌ಪ್ಲೇಯಲ್ಲಿ 5.0% ಇದೆ ಎಂದಿರಿ. ಆ 5 ಎಲ್ಲಿಯ 5 ಎಂದು ಕೇಳಿಕೊಳ್ಳಬೇಕು ಸರ್. ಪುಸ್ತಕದಲ್ಲಿರುವ 5% ಕಡಲ ಮಟ್ಟದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 685 ಮಿಲಿಮೀಟರ್ ಪಾದರಸ, ಚೆನ್ನೈಯಲ್ಲಾದರೆ 760. ನಮ್ಮಲ್ಲಿ ನೀರು 97 ಡಿಗ್ರಿಗೇ ಕುದಿಯುವುದು ಇದೇ ಕಾರಣಕ್ಕೆ.

ಮೀಡಿಯಾದಲ್ಲಿ ಕರಗುವ ಕಾರ್ಬನ್ ಡೈಆಕ್ಸೈಡ್ ಶೇಕಡಾವಾರು ಲೆಕ್ಕ ನೋಡುವುದಿಲ್ಲ, ಆಂಶಿಕ ಒತ್ತಡ ನೋಡುತ್ತದೆ. 38.5 ಡಿಗ್ರಿಯ ತೇವ ತುಂಬಿದ ಗಾಳಿಯಲ್ಲಿ ನೀರಾವಿಗೇ 51 ಮಿಲಿಮೀಟರ್ ಹೋಗುತ್ತದೆ. ಕಡಲ ಮಟ್ಟದಲ್ಲಿ 760ರಿಂದ 51 ಕಳೆದು 5% ಹಿಡಿದರೆ 35.5. ಬೆಂಗಳೂರಲ್ಲಿ 685ರಿಂದ 51 ಕಳೆದು 5% ಹಿಡಿದರೆ 31.7. ಅದೇ ಬೈಕಾರ್ಬೊನೇಟ್ ಇರುವ ಮೀಡಿಯಾದ ಪಿಹೆಚ್ ಇಲ್ಲಿ ಸುಮಾರು 0.05 ಮೇಲೆ ಕೂರುತ್ತದೆ. ಅದನ್ನು ಸರಿಗಟ್ಟಲು ಇಲ್ಲಿ ನಿಜವಾದ ಗ್ಯಾಸ್ 5.6% ಬೇಕು.

ಇದರಲ್ಲಿ ಇನ್ನೊಂದು ತೊಡಕಿದೆ. ಇನ್‌ಫ್ರಾರೆಡ್ ಸೆನ್ಸರ್ ನೋಡುವುದು ದಾರಿಯಲ್ಲಿ ಸಿಗುವ ಅನಿಲದ ಸಾಂದ್ರತೆಯನ್ನು. ಒತ್ತಡದ ತಿದ್ದುಪಡಿ ಇಲ್ಲದ ಸೆನ್ಸರ್ ಕಡಲ ಮಟ್ಟದ ಕಾರ್ಖಾನೆಯಲ್ಲಿ ಕ್ಯಾಲಿಬ್ರೇಟ್ ಆಗಿ ಬಂದಿದ್ದರೆ ಇಲ್ಲಿ ಕಡಿಮೆ ಓದುತ್ತದೆ, ಆದ್ದರಿಂದ ತಾನಾಗಿಯೇ ಹೆಚ್ಚು ಗ್ಯಾಸ್ ಬಿಟ್ಟುಕೊಂಡು ಬಹುತೇಕ ಸರಿಹೋಗುತ್ತದೆ. ಆದರೆ ಸರ್ವಿಸ್‌ನವರು ಬಂದು ಅನಲೈಸರ್ ಇಟ್ಟು ‘ಸರಿಯಾಗಿ 5%’ ಎಂದು ಇಲ್ಲೇ ಕ್ಯಾಲಿಬ್ರೇಟ್ ಮಾಡಿ ಹೋದ ದಿನದಿಂದ ಪಿಹೆಚ್ ಏರಿರುತ್ತದೆ. ಅವರ ಕೆಲಸದಲ್ಲಿ ತಪ್ಪಿಲ್ಲ, ಗುರಿಯ ಸಂಖ್ಯೆ ತಪ್ಪು. ಕೆಲವು ಯಂತ್ರಗಳ ಸರ್ವಿಸ್ ಮೆನುವಿನಲ್ಲಿ ಎತ್ತರ ನಮೂದಿಸುವ ಜಾಗವೇ ಇದೆ, ಅದು ಸೊನ್ನೆಯಲ್ಲಿ ಇದೆಯೇ ನೋಡಿ. ಕೊನೆಯ ಕ್ಯಾಲಿಬ್ರೇಷನ್ ಯಾವಾಗ ಆಯಿತು?

ದೇವನಹಳ್ಳಿ_ಐವಿಎಫ್

ಕ್ಯಾಲಿಬ್ರೇಷನ್ ಆಗಿದ್ದು ಜನವರಿಯಲ್ಲಿ, ಈ ಆರು ಸೆಷನ್‌ಗಳೂ ಅದಾದ ಮೇಲಿನವು. ಪಿಹೆಚ್ ಅಳೆದಿಲ್ಲ. ಮೆಚುರೇಷನ್ ಮೀಡಿಯಾದ ಬಣ್ಣ ನೋಡಿ ಸರಿಯಿದೆ ಅಂದುಕೊಂಡಿದ್ದೆವು.

ಎಂಬ್ರಿಯೊ_ಯಲಹಂಕ

ಬಣ್ಣ ನೋಡಿ 7.3ಕ್ಕೂ 7.5ಕ್ಕೂ ವ್ಯತ್ಯಾಸ ಹೇಳಲು ಯಾರಿಗೂ ಆಗದು. ಅಳೆಯಿರಿ. ಎಸ್‌ಒಎಫ್ 1 ಮಿಲಿಲೀಟರ್ ಸಣ್ಣ ಟ್ಯೂಬ್‌ಗೆ ಹಾಕಿ, ಮುಚ್ಚಳ ಸಡಿಲ ಬಿಟ್ಟು, ರಾತ್ರಿಯಿಡೀ ಭ್ರೂಣ ಇಡುವ ಶೆಲ್ಫ್‌ನಲ್ಲೇ ಇಡಿ. ಬೆಳಿಗ್ಗೆ ಒಳಗೇ ಕೈಹಾಕಿ ಮುಚ್ಚಳ ಬಿಗಿ ಮಾಡಿ ಹೊರತೆಗೆದು, ಬ್ಲಡ್ ಗ್ಯಾಸ್ ಅನಲೈಸರ್‌ಗೆ ಒಂದು ನಿಮಿಷದೊಳಗೆ ಕೊಡಿ. ತೆರೆದಿಟ್ಟು ಮಾತಾಡುತ್ತ ನಿಂತರೆ ಗ್ಯಾಸ್ ಹಾರಿ 0.1 ಮೇಲೇರಿರುತ್ತದೆ. ಮೂರು ರಾತ್ರಿ, ಮೂರು ಸೆಟಿಂಗ್: 5.0, 5.6, 6.2. ಪಿಹೆಚ್ 7.2–7.4ರ ನಡುವೆ ಯಾವುದರಲ್ಲಿ ಕೂರುತ್ತದೋ ಅದೇ ನಿಮ್ಮ ಯಂತ್ರದ ಸೆಟಿಂಗ್. ಡಿಸ್‌ಪ್ಲೇ ಏನು ಹೇಳಿದರೂ ತಲೆಕೆಡಿಸಿಕೊಳ್ಳಬೇಡಿ. ಮೀಡಿಯಾ ಬ್ರ್ಯಾಂಡ್ ಬದಲಾದರೆ ಮತ್ತೆ ಅಳೆಯಬೇಕು, ಬೈಕಾರ್ಬೊನೇಟ್ ಪ್ರಮಾಣ ಎಲ್ಲರದ್ದೂ ಒಂದೇ ಅಲ್ಲ.

ಮಂಡ್ಯ_ಭ್ರೂಣ

0.05 ಪಿಹೆಚ್‌ಗೆ 8% ಆಗುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಭ್ರೂಣ ಅಷ್ಟು ಸೂಕ್ಷ್ಮ ಅಲ್ಲ, 8 ಕೋಶ ದಾಟಿದ ಮೇಲಂತೂ ತನ್ನ ಒಳಗಿನ ಪಿಹೆಚ್ ಅನ್ನು ತಕ್ಕಮಟ್ಟಿಗೆ ನಿಭಾಯಿಸಿಕೊಳ್ಳುತ್ತದೆ. ಇದು ಒಂದು ಕಾರಣ ಇರಬಹುದು, ಇದೊಂದೇ ಅಲ್ಲ. ನನ್ನ ಮಟ್ಟಿಗೆ 8–16 ಕೋಶದ ನಿಲುಗಡೆ ಅಂದ ತಕ್ಷಣ ಮೊದಲು ನೋಡಬೇಕಾದದ್ದು ಆಯಿಲ್. ಬಾಟಲಿ ತೆರೆದು ಎಷ್ಟು ದಿನ ಆಯಿತು, ಎಲ್ಲಿ ಇಟ್ಟಿದ್ದೀರಿ?

ದೇವನಹಳ್ಳಿ_ಐವಿಎಫ್

500 ಮಿಲಿಲೀಟರ್ ಬಾಟಲಿ, ತೆರೆದು ಮೂರು ತಿಂಗಳ ಮೇಲಾಯಿತು. ಲ್ಯಾಬ್‌ನ ರ್‍ಯಾಕ್‌ನಲ್ಲಿ, ಕಿಟಕಿ ಪಕ್ಕ.

ಮಂಡ್ಯ_ಭ್ರೂಣ

ಅಲ್ಲೇ ಇದೆ ನೋಡಿ. ಮಿನರಲ್ ಆಯಿಲ್ ಬೆಳಕು ಮತ್ತು ಬಿಸಿಗೆ ಪೆರಾಕ್ಸೈಡ್ ಕಟ್ಟುತ್ತದೆ. ಕಣ್ಣಿಗೆ ಕಾಣದು, ವಾಸನೆ ಬಾರದು. ಭ್ರೂಣಕ್ಕೆ ಅದು ಮೆಲ್ಲಗೆ ಏರುವ ವಿಷ. ಮೊದಲ ಎರಡು ದಿನ ಏನೂ ಗೊತ್ತಾಗದೆ, 3–4ನೇ ದಿನಕ್ಕೆ ಕೋಶಗಳ ಅಂಚು ಒರಟಾಗಿ, ಕಾಳು ಕಾಳಾಗಿ ಒಳಗೇ ಒಡೆಯುತ್ತದೆ. ನೀವು ಬರೆದ ಲಕ್ಷಣವೂ ಅದೇ.

100 ಮಿಲಿಲೀಟರ್ ಬಾಟಲಿ ತರಿಸಿ. ಫಾಯಿಲ್ ಸುತ್ತಿ ಕತ್ತಲಲ್ಲಿ, ತಯಾರಕರು ಹೇಳಿದ ತಾಪದಲ್ಲಿ ಇಡಿ. ತೆರೆದ ದಿನಾಂಕ ಮೇಲೆ ಬರೆಯಿರಿ, ತಿಂಗಳಾದ ಮೇಲೆ ಭ್ರೂಣಕ್ಕೆ ಬಳಸಬೇಡಿ. ಪ್ರತಿ ಹೊಸ ಲಾಟ್ ಬಂದಾಗ ವೀರ್ಯದಲ್ಲಿ ಪರೀಕ್ಷೆ ಮಾಡಬಹುದು: ತೊಳೆದ ವೀರ್ಯದ ಎರಡು ಡ್ರಾಪ್, ಒಂದರ ಮೇಲೆ ಹಳೆಯ ಒಳ್ಳೆಯ ಆಯಿಲ್, ಇನ್ನೊಂದರ ಮೇಲೆ ಹೊಸದು. ಚಲನೆಯನ್ನು ಕೆಲವು ಗಂಟೆಗೊಮ್ಮೆ ಹೋಲಿಸುತ್ತ ಹೋಗಿ. ಕೆಟ್ಟ ಲಾಟ್‌ನಲ್ಲಿ ಚಲನೆ ಬೇಗ ಬೀಳುತ್ತದೆ. ಇದರಲ್ಲಿ ಪಾಸಾದರೆ ಆಯಿಲ್ ಒಳ್ಳೆಯದೇ ಎಂದಲ್ಲ, ಆದರೆ ಫೇಲಾದದ್ದನ್ನು ಮಾತ್ರ ಕಣ್ಣುಮುಚ್ಚಿ ಬಿಸಾಡಬಹುದು.

ಪೀಣ್ಯ_ಇನ್‌ಕ್ಯುಬೇಟರ್

ಮಂಡ್ಯ ಸರ್ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಎರಡೂ ಪರೀಕ್ಷೆ ಆಗಲಿ. ಜತೆಗೆ ತಾಪವನ್ನು ಡ್ರಾಪ್‌ನ ಒಳಗೇ ಅಳೆಯಿರಿ. ಭ್ರೂಣ ಇಲ್ಲದ ಒಂದು ಡಿಶ್‌ನಲ್ಲಿ ಆಯಿಲ್ ಕೆಳಗಿನ ಡ್ರಾಪ್‌ಗೆ ತೆಳು ಥರ್ಮೋಕಪಲ್ ತಂತಿ ಇಳಿಸಿ, ಬಾಗಿಲ ಸಂದಿಯಲ್ಲಿ ತಂತಿ ಹೊರತಂದು ಎರಡು ಗಂಟೆ ಬಿಡಿ. ಮೇಲಿನ ಶೆಲ್ಫ್, ಕೆಳಗಿನ ಶೆಲ್ಫ್, ಹಿಂಭಾಗ, ಬಾಗಿಲ ಕಡೆ, ನಾಲ್ಕೂ ಬೇರೆ ಬೇರೆ ಇರುತ್ತವೆ. ಮೈಕ್ರೋಸ್ಕೋಪ್‌ನ ಬಿಸಿ ಗಾಜಿನದ್ದೂ ಹಾಗೇ. ಗಾಜು 38.5 ತೋರಿಸಿದರೆ ಮೇಲಿಟ್ಟ ಡಿಶ್ ಒಳಗೆ 36–37 ಇರುತ್ತದೆ, ಹುಡ್‌ನ ಗಾಳಿ ಬೀಸುತ್ತಿದ್ದರೆ ಇನ್ನೂ ಕಡಿಮೆ.

ನೀರಿನ ಟ್ರೇ ಒಣಗಲು ಬಿಡಬೇಡಿ. ಥರ್ಮಲ್ ಕಂಡಕ್ಟಿವಿಟಿ ಸೆನ್ಸರ್ ಇರುವ ಹಳೆಯ ಯಂತ್ರದಲ್ಲಿ ತೇವ ಕಡಿಮೆಯಾದರೆ ಗ್ಯಾಸ್ ರೀಡಿಂಗ್ ಕೂಡ ಸುಳ್ಳಾಗುತ್ತದೆ.

ಸೀಮೆನ್_ಟೆಕ್ನಿಷಿಯನ್

ಹೋರಿ ಬದಲಾಯಿಸಿದರೂ ವ್ಯತ್ಯಾಸ ಇಲ್ಲ ಎಂದು ವೀರ್ಯದ ಕಡೆ ಬಾಗಿಲು ಹಾಕಿಬಿಡಬೇಡಿ. ಡ್ರಾಪ್‌ಗೆ ಎಷ್ಟು ವೀರ್ಯಾಣು ಬಿಡುತ್ತಿದ್ದೀರಿ? ಅಂದಾಜಿಗೆ ಹೆಚ್ಚು ಬಿಟ್ಟರೆ ಒಂದು ಓಸೈಟ್‌ಗೆ ಎರಡು ಮೂರು ವೀರ್ಯಾಣು ನುಗ್ಗುತ್ತವೆ. ಅಂಥವು ಒಡೆಯುವುದು ಚೆನ್ನಾಗಿಯೇ ಒಡೆಯುತ್ತವೆ, ನಿಮ್ಮ 73%ನಲ್ಲಿ ಸೇರಿಕೊಳ್ಳುತ್ತವೆ, ಆಮೇಲೆ ಬಹುಪಾಲು ನಿಲ್ಲುತ್ತವೆ.

ನಾವು ಮಾಡುವ ಕ್ರಮ: ಸ್ಟ್ರಾ 37 ಡಿಗ್ರಿ ನೀರಲ್ಲಿ 30 ಸೆಕೆಂಡ್. 45% ಮತ್ತು 90% ಪರ್ಕಾಲ್ (ಒಳ್ಳೆಯ ವೀರ್ಯಾಣು ಬೇರ್ಪಡಿಸುವ ಸಾಂದ್ರ ದ್ರವ) ಒಂದರ ಮೇಲೊಂದು, ಅದರ ಮೇಲೆ ವೀರ್ಯ, ಸೆಂಟ್ರಿಫ್ಯೂಜ್‌ನಲ್ಲಿ 700 ಜಿ ವೇಗಕ್ಕೆ 10 ನಿಮಿಷ. ತಳದ ಗುಳಿಗೆಯನ್ನು ಟಾಲ್ಪ್‌ನಲ್ಲಿ ಒಮ್ಮೆ ತೊಳೆದು ಮತ್ತೆ ಸುತ್ತಿಸಬೇಕು, ಪರ್ಕಾಲ್ ಉಳಿಯಬಾರದು. ಆಮೇಲೆ ಎಣಿಸಲೇಬೇಕು. ಹೀಮೋಸೈಟೋಮೀಟರ್‌ನಲ್ಲಿ ಮಿಲಿಲೀಟರ್‌ಗೆ 2.5 ಕೋಟಿ ಬಂತು ಅನ್ನಿ. ಡ್ರಾಪ್ 50 ಮೈಕ್ರೋಲೀಟರ್, ಬೇಕಾದದ್ದು ಮಿಲಿಲೀಟರ್‌ಗೆ 10 ಲಕ್ಷ. 50ನ್ನು 25ರಿಂದ ಭಾಗಿಸಿ, 2 ಮೈಕ್ರೋಲೀಟರ್ ಸಾಕು. ವೀರ್ಯಾಣುವನ್ನು ಫಲೀಕರಣಕ್ಕೆ ಸಿದ್ಧಗೊಳಿಸುವ ಹೆಪಾರಿನ್ ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂನಿಂದ ಶುರುಮಾಡಿ. ಆದರೆ ಇದು ಹೋರಿಯಿಂದ ಹೋರಿಗೆ ಬದಲಾಗುತ್ತದೆ. ಹೊಲದಲ್ಲಿ ಚೆನ್ನಾಗಿ ಗರ್ಭ ಕಟ್ಟಿಸುವ ಹೋರಿ ಡಿಶ್‌ನಲ್ಲಿ ಕೈಕೊಡುವುದು ಮಾಮೂಲು, ಆದ್ದರಿಂದ ಪ್ರತಿ ಹೋರಿಗೂ, ಬ್ಯಾಚ್ ಬದಲಾದರೂ, ಒಮ್ಮೆ ಪರೀಕ್ಷೆ ಓಡಿಸಿ.

ಫರ್ಟ್-ಟಾಲ್ಪ್‌ಗೆ ಗ್ಲೂಕೋಸ್ ಹಾಕಬಾರದು, ಹೆಪಾರಿನ್‌ನ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ವೀರ್ಯಾಣುವಿನ ಚಲನೆಗೆಂದು ಹಾಕುವ ಪೆನಿಸಿಲಮಿನ್, ಹೈಪೊಟಾರಿನ್, ಎಪಿನೆಫ್ರಿನ್ ಮಿಶ್ರಣ ಬೆಳಕಿಗೆ ಹಾಳಾಗುತ್ತದೆ. ಸಣ್ಣ ಸಣ್ಣ ಟ್ಯೂಬ್‌ಗೆ ಹಂಚಿ ಫಾಯಿಲ್ ಸುತ್ತಿ ಫ್ರೀಜ್ ಮಾಡಿ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಸೆಕ್ಸ್ಡ್ ಸೀಮೆನ್ (ಹೆಣ್ಣು–ಗಂಡು ವಿಂಗಡಿಸಿದ ವೀರ್ಯ) ಆದರೆ ಸ್ಟ್ರಾದಲ್ಲಿ ವೀರ್ಯಾಣು ಬಹಳ ಕಡಿಮೆ, 1.5 ಮಿಲಿಲೀಟರ್ ಟ್ಯೂಬ್‌ನಲ್ಲಿ 400 ಮೈಕ್ರೋಲೀಟರ್‌ನ ಎರಡು ಪರ್ಕಾಲ್ ಪದರ ಮಾಡಿದರೆ ನಷ್ಟ ಕಡಿಮೆ.

ಪಾಲಿಸ್ಪರ್ಮಿ (ಒಂದಕ್ಕಿಂತ ಹೆಚ್ಚು ವೀರ್ಯಾಣು ನುಗ್ಗುವುದು) ಇದೆಯೇ ಎಂದು ಖಚಿತ ಮಾಡಿಕೊಳ್ಳಲು 18 ಗಂಟೆಗೆ 10 ಓಸೈಟ್‌ನ ಕ್ಯುಮುಲಸ್ (ಸುತ್ತಲಿನ ಕೋಶಗಳ ಪದರ) ಬಿಡಿಸಿ, ಫಿಕ್ಸ್ ಮಾಡಿ, ಹೋಕ್ಸ್ಟ್ ಬಣ್ಣ ಹಾಕಿ ಪ್ರೊನ್ಯೂಕ್ಲಿಯಸ್ (ಅಂಡ, ವೀರ್ಯಾಣುಗಳ ಕೋಶಕೇಂದ್ರ) ಎಣಿಸಿ. ಎರಡು ಇದ್ದರೆ ಸರಿ, ಮೂರು ಕಂಡರೆ ವೀರ್ಯ ಜಾಸ್ತಿ ಆಗಿದೆ ಎಂದು ಅರ್ಥ.

ತುಮಕೂರು_ವೆಟ್

ದುಬಾರಿ ಹಸುವಿನ 10 ಓಸೈಟ್ ಬಣ್ಣಕ್ಕೆ ಬಲಿಕೊಡಲು ಯಾರಿಗೂ ಮನಸ್ಸು ಬಾರದು. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಕರ್ನಾಟಕದಲ್ಲಿ ಕಸಾಯಿಖಾನೆಯಿಂದ ಹಸುವಿನ ಅಂಡಾಶಯ ಸಿಗುವ ಮಾತೇ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ಇಂಥ ಪರೀಕ್ಷೆಗೆಲ್ಲ ಎಮ್ಮೆಯ ಅಂಡಾಶಯ ಬಳಸಬೇಕು. ಒಂದು ಅಂಡಾಶಯಕ್ಕೆ ಒಂದೆರಡು ಒಳ್ಳೆಯ ಓಸೈಟ್ ಸಿಕ್ಕರೆ ಹೆಚ್ಚು. ಆದರೆ ಇನ್‌ಕ್ಯುಬೇಟರ್, ಆಯಿಲ್, ಪ್ಲಾಸ್ಟಿಕ್ ಪರೀಕ್ಷಿಸಲು ಅಷ್ಟು ಸಾಕು. ಎಮ್ಮೆಯ ಭ್ರೂಣ ಹಸುವಿನದಕ್ಕಿಂತ ಅರ್ಧ ದಿನದಿಂದ ಒಂದು ದಿನ ಮುಂದೆ ಓಡುತ್ತದೆ, ಎಣಿಸುವಾಗ ನೆನಪಿರಲಿ. ಎಮ್ಮೆಯ ಐವಿಎಫ್ ನಮ್ಮ ದೇಶದವರಿಗೆ ಹೊಸತಲ್ಲ. ಕರ್ನಾಲ್‌ನ ಎನ್‌ಡಿಆರ್‌ಐನಲ್ಲಿ (ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ) ಎಮ್ಮೆಯ ಐವಿಎಫ್ ಕರು ‘ಪ್ರಥಮ್’ ಹುಟ್ಟಿದ್ದು 1990ರಲ್ಲಿ, ಹಸುವಿನ ಮೊದಲ ಐವಿಎಫ್ ಕರು ಅಮೆರಿಕದಲ್ಲಿ ಹುಟ್ಟಿದ 1981ಕ್ಕೆ ಒಂಬತ್ತೇ ವರ್ಷದ ಮೇಲೆ.

ಒಪಿಯು ಬಗ್ಗೆ ಒಂದು ಮಾತು. ವ್ಯಾಕ್ಯೂಮ್ ಎಷ್ಟಿಟ್ಟಿದ್ದೀರಿ? 18 ಗೇಜ್ ಸೂಜಿಗೆ 60–80 ಮಿಲಿಮೀಟರ್ ಪಾದರಸ ಸಾಕು. ಬೇಗ ಮುಗಿಸಬೇಕೆಂದು ಏರಿಸಿದರೆ ಸೂಜಿಯಲ್ಲೇ ಕ್ಯುಮುಲಸ್ ಉಜ್ಜಿಹೋಗಿ ಬೋಳು ಓಸೈಟ್ ಬರುತ್ತದೆ. ಗಿರ್ ಹಸುವಿನಲ್ಲಿ ಫಾಲಿಕಲ್ ಹೆಚ್ಚು, ಆದ್ದರಿಂದ ಸಂಖ್ಯೆ ನೋಡಿ ಖುಷಿಪಡುವುದು ಸುಲಭ. ಮೂರು ಪದರಕ್ಕಿಂತ ಹೆಚ್ಚು ಬಿಗಿಯಾದ ಕ್ಯುಮುಲಸ್, ಸಮವಾದ ಸೈಟೊಪ್ಲಾಸಂ ಇರುವುದನ್ನು ಮಾತ್ರ ಒಂದು ಗುಂಪು ಮಾಡಿ, ಉಳಿದದ್ದು ಬೇರೆ ಡ್ರಾಪ್. ಎಲ್ಲ ಸೇರಿಸಿ 142 ಅಂದರೆ ಯಾವುದು ಯಾಕೆ ಸತ್ತಿತು ಎಂದು ಎಂದೂ ಗೊತ್ತಾಗುವುದಿಲ್ಲ.

ದೇವನಹಳ್ಳಿ_ಐವಿಎಫ್

ವ್ಯಾಕ್ಯೂಮ್ 80 ಇದೆ ಡಾಕ್ಟ್ರೇ. ಗ್ರೇಡ್ ಬೇರೆ ಮಾಡಿರಲಿಲ್ಲ, ಇನ್ನು ಮುಂದೆ ಮಾಡುತ್ತೇವೆ. ಸೆಷನ್ ನಡೆಯುವುದು ನೆಲಮಂಗಲ ಆಚೆಯ ಫಾರ್ಮ್‌ನಲ್ಲಿ, ಓಸೈಟ್ ಲ್ಯಾಬ್‌ಗೆ ಬರಲು ಎರಡು ಗಂಟೆ ಹಿಡಿಯುತ್ತದೆ.

ತುಮಕೂರು_ವೆಟ್

ಯಾವ ಮೀಡಿಯಾದಲ್ಲಿ ತರುತ್ತೀರಿ ಎನ್ನುವುದು ಮುಖ್ಯ. ಇಲ್ಲಿ ಹೊಸಬರು ಪದೇಪದೇ ಎಡವುತ್ತಾರೆ. ಹೆಪಿಸ್ (ಗ್ಯಾಸ್ ಇಲ್ಲದೆಯೂ ಪಿಹೆಚ್ ಕಾಯುವ ರಾಸಾಯನಿಕ) ಇರುವ ಮೀಡಿಯಾ ಹೊರಗಿನ ಗಾಳಿಗೆ, ಮುಚ್ಚಳ ಬಿಗಿ ಮಾಡಿ ತರಬೇಕು. ಅದನ್ನು ಗ್ಯಾಸ್ ಇನ್‌ಕ್ಯುಬೇಟರ್‌ನಲ್ಲಿ ತೆರೆದಿಟ್ಟರೆ ಹುಳಿಯಾಗುತ್ತದೆ. ಬೈಕಾರ್ಬೊನೇಟ್ ಮೀಡಿಯಾ ತದ್ವಿರುದ್ಧ, ಗ್ಯಾಸ್ ಇಲ್ಲದೆ ಹೊರಗಿಟ್ಟರೆ ಕ್ಷಾರವಾಗುತ್ತದೆ. ಮೆಚುರೇಷನ್ ಮೀಡಿಯಾದಲ್ಲೇ ತರುವುದಾದರೆ ಹಿಂದಿನ ರಾತ್ರಿ ಇನ್‌ಕ್ಯುಬೇಟರ್‌ನಲ್ಲಿ ಗ್ಯಾಸ್ ಕುಡಿಸಿ, ಫಾರ್ಮ್‌ನಲ್ಲಿ ಮಿಶ್ರಣ ಗ್ಯಾಸ್ ಒಂದಿಷ್ಟು ಊದಿ ಮುಚ್ಚಳ ಬಿಗಿದು, 38.5 ಡಿಗ್ರಿಯ ಪೋರ್ಟಬಲ್ ಇನ್‌ಕ್ಯುಬೇಟರ್‌ನಲ್ಲಿ ತನ್ನಿ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಂತರೂ ಓಸೈಟ್‌ಗೆ ಅದು ಮೆಚುರೇಷನ್ ಸಮಯವೇ. 22 ಗಂಟೆಯ ಲೆಕ್ಕ ಟ್ಯೂಬ್‌ಗೆ ಹಾಕಿದ ಕ್ಷಣದಿಂದ ಶುರು, ಲ್ಯಾಬ್ ಮುಟ್ಟಿದ ಮೇಲಲ್ಲ. 12 ವೋಲ್ಟ್ ವೈರ್ ಕಾರಿನ ಸಾಕೆಟ್‌ನಲ್ಲಿ ಅಲುಗಾಡಿ ಕಳಚಿಕೊಳ್ಳುತ್ತದೆ, ಟೇಪ್ ಹಾಕಿ.

ಮಂಡ್ಯ_ಭ್ರೂಣ

ಡಿಶ್ ಹೇಗೆ ಮಾಡುತ್ತೀರಿ ಎಂದೂ ಹೇಳಿ. ಎಲ್ಲ ಡ್ರಾಪ್ ಇಟ್ಟು ಮುಗಿಸಿ ಆಮೇಲೆ ಆಯಿಲ್ ಹಾಕುತ್ತೀರೋ?

ದೇವನಹಳ್ಳಿ_ಐವಿಎಫ್

ಹೌದು. ಒಂದು ಡಿಶ್‌ಗೆ 8 ಡ್ರಾಪ್, ಒಮ್ಮೆಗೆ ನಾಲ್ಕು ಡಿಶ್. ಹುಡ್ ಆನ್ ಇರುತ್ತದೆ, ಬಿಸಿ ಗಾಜಿನ ಮೇಲೆ.

ಮಂಡ್ಯ_ಭ್ರೂಣ

ಫೆಬ್ರವರಿ–ಮಾರ್ಚ್‌ನ ಬೆಂಗಳೂರಿನ ಒಣ ಹವೆ, ಬೀಸುವ ಗಾಳಿ, ಕೆಳಗೆ ಬಿಸಿ. ಮೂವತ್ತೆರಡನೇ ಡ್ರಾಪ್ ಇಡುವ ಹೊತ್ತಿಗೆ ಮೊದಲನೆಯದರಲ್ಲಿ ನೀರು ಹಾರಿ ಉಪ್ಪು ಗಟ್ಟಿಯಾಗಿರುತ್ತದೆ. ಎಸ್‌ಒಎಫ್‌ನ ಆಸ್ಮೊಲಾಲಿಟಿ (ಕರಗಿದ ಉಪ್ಪು ಮುಂತಾದವುಗಳ ಸಾಂದ್ರತೆ) 270–280ರ ಆಸುಪಾಸು ಇರಬೇಕು. ಬೇಗ ಒಂದು ಪರೀಕ್ಷೆ ಮಾಡಿ: ಇನ್ನೊಬ್ಬರಿಗೆ ಗಡಿಯಾರ ಹಿಡಿಸಿ, ಮೊದಲ ಡ್ರಾಪ್‌ನಿಂದ ಆಯಿಲ್ ಬೀಳುವವರೆಗೆ ಎಷ್ಟು ನಿಮಿಷ ಎಂದು ನೋಡಿ.

ಡಿಶ್ ಮಾಡುವಾಗ ಬಿಸಿ ಗಾಜು ಆಫ್. ಮೀಡಿಯಾ, ಆಯಿಲ್ ಎರಡೂ ಕೋಣೆಯ ತಾಪದಲ್ಲಿರಲಿ. ಮೊದಲು 10 ಮೈಕ್ರೋಲೀಟರ್‌ನ ಚಪ್ಪಟೆ ಡ್ರಾಪ್ ಇಟ್ಟು, ತಕ್ಷಣ ಆಯಿಲ್ ಸುರಿದು, ಆಮೇಲೆ ಆಯಿಲ್ ಒಳಗೇ ಪಿಪೆಟ್ ತುದಿ ಇಳಿಸಿ ಉಳಿದ 40 ಸೇರಿಸಿ. ಡ್ರಾಪ್ ದುಂಡಗೆ ಎದ್ದು ನಿಲ್ಲುತ್ತದೆ, ಹರಡುವುದೂ ಇಲ್ಲ. ಒಂದು ಡಿಶ್ ಮುಗಿಸಿಯೇ ಇನ್ನೊಂದು. 35 ಮಿಲಿಮೀಟರ್ ಡಿಶ್‌ಗೆ 3–4 ಮಿಲಿಲೀಟರ್ ಆಯಿಲ್ ಬೇಕು, ಡ್ರಾಪ್‌ನ ನೆತ್ತಿ ಮುಚ್ಚಿರಬೇಕು. ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಬೆಳಿಗ್ಗೆ ಭ್ರೂಣ ಹಾಕಿ. ಎರಡು ಗಂಟೆ ಇಟ್ಟರೆ ಆಯಿಲ್ ಕೆಳಗಿನ ಮೀಡಿಯಾಗೆ ಗ್ಯಾಸ್ ಮುಟ್ಟಿರುವುದಿಲ್ಲ.

ಚಿಕ್ಕಬಳ್ಳಾಪುರ_ಎಂವಿಎಸ್‌ಸಿ

ನನ್ನದೊಂದು ಪ್ರಶ್ನೆ. 5ನೇ ದಿನ 5% ಸೀರಂ ಸೇರಿಸಿದರೆ ಬ್ಲಾಸ್ಟೊಸಿಸ್ಟ್ ಏರುತ್ತದೆ ಎನ್ನುತ್ತಾರೆ. ಇಲ್ಲಿ ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಎಂಬ್ರಿಯೊ_ಯಲಹಂಕ

ಏರುತ್ತದೆ, ಬೇಗನೂ ಬರುತ್ತದೆ. ಆದರೆ ಸೀರಂ ಕುಡಿದ ಭ್ರೂಣದ ಕೋಶಗಳಲ್ಲಿ ಕೊಬ್ಬಿನ ಹನಿ ತುಂಬಿ ಮೈಕ್ರೋಸ್ಕೋಪ್ ಕೆಳಗೆ ಕಂದು–ಕಪ್ಪಾಗಿ ಕಾಣುತ್ತದೆ, ಫ್ರೀಜ್ ಮಾಡಿದರೆ ಬದುಕುವುದು ಕಡಿಮೆ. ಅತಿ ದೊಡ್ಡ ಕರು ಹುಟ್ಟಿ ಹೆರಿಗೆ ಕಷ್ಟವಾಗುವ ತೊಂದರೆಗೂ ಕಲ್ಚರ್‌ನ ಸೀರಂಗೂ ಸಂಬಂಧ ಇದೆ ಎಂದು ಕಂಡುಬಂದಿದೆ. ರೈತನ ಕೊಟ್ಟಿಗೆಯಲ್ಲಿ ಹಸು ಹೆರಿಗೆಗೆ ಒದ್ದಾಡುವುದನ್ನು ನಮ್ಮ 7ನೇ ದಿನದ ಅಂಕಿಗಾಗಿ ತಂದುಕೊಳ್ಳಬಾರದು. ಎಸ್‌ಒಎಫ್ 1972ರಲ್ಲಿ ಕುರಿಯ ಅಂಡನಾಳದ ದ್ರವದ ಸಂಯೋಜನೆ ನೋಡಿ ಕಟ್ಟಿದ ಮೀಡಿಯಾ. ಅಮೈನೋ ಆಮ್ಲ, ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ (ಹಸುವಿನ ಸೀರಂನ ಆಲ್ಬುಮಿನ್ ಪ್ರೋಟೀನ್) ಇದ್ದರೆ ಸೀರಂ ಇಲ್ಲದೆಯೂ 30% ದಾಟಬಹುದು. ಒಪಿಯು ಓಸೈಟ್‌ನಲ್ಲಿ 20–30 ಬಂದರೂ ಒಳ್ಳೆಯ ಲ್ಯಾಬ್ ಎನ್ನಬಹುದು.

ಬಿಎಸ್‌ಎ ಮಾತ್ರ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ. ಒಳ್ಳೆಯ ಲಾಟ್ ಸಿಕ್ಕರೆ ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳಿ. ಗ್ಲುಟಮಿನ್ 38.5 ಡಿಗ್ರಿಯಲ್ಲಿ ತಾನೇ ಒಡೆದು ಅಮೋನಿಯಾ ಬಿಡುತ್ತದೆ, ಅದರ ಬದಲು ಅಲನಿಲ್-ಗ್ಲುಟಮಿನ್ ಇರುವ ಮೀಡಿಯಾ ಆರಿಸಿ. ಇಲ್ಲವಾದರೆ 3 ಮತ್ತು 5ನೇ ದಿನ ಅರ್ಧ ಮೀಡಿಯಾ ಬದಲಿಸಿ. ಅಷ್ಟು ಬಿಟ್ಟು ದಿನಾ ತೆಗೆದು ನೋಡುವ ಅಭ್ಯಾಸ ಬೇಡ. ಬಾಗಿಲು ತೆರೆದಾಗ ಒಳಗಿನ ಆಕ್ಸಿಜನ್ 20ಕ್ಕೆ ಹಾರಿ ಮತ್ತೆ 5ಕ್ಕೆ ಇಳಿಯಲು ಬಹಳ ಹೊತ್ತು ಬೇಕು, ಸಾರಜನಕದ ಸಿಲಿಂಡರ್ ಕೂಡ ಅಲ್ಲೇ ಖಾಲಿಯಾಗುವುದು.

ತುಮಕೂರು_ವೆಟ್

ಲ್ಯಾಬ್ ನೆಲಕ್ಕೆ ಫಿನೈಲ್ ಹಾಕಿ ಒರೆಸುತ್ತಾರೆಯೇ?

ದೇವನಹಳ್ಳಿ_ಐವಿಎಫ್

ಹೊರಗಿನ ಕಾರಿಡಾರ್‌ಗೆ ಹಾಕುತ್ತಾರೆ. ಒಳಗೆ ಸ್ಪಿರಿಟ್.

ತುಮಕೂರು_ವೆಟ್

ಎರಡೂ ನಿಲ್ಲಿಸಿ. ಕಾರಿಡಾರ್‌ನ ವಾಸನೆ ನಿಮ್ಮ ಮೂಗಿಗೆ ಬಂದರೆ ಇನ್‌ಕ್ಯುಬೇಟರ್‌ಗೂ ಬಂದಿದೆ, ಆಯಿಲ್ ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಸ್ಟೆರೈಲ್ ನೀರು, ವಾರಕ್ಕೊಮ್ಮೆ ಭ್ರೂಣ ಇಲ್ಲದ ದಿನ ಹೈಡ್ರೋಜನ್ ಪೆರಾಕ್ಸೈಡ್. ಹೊಸ ಬಣ್ಣ, ಹೊಸ ಪ್ಲೈವುಡ್, ರೂಂ ಫ್ರೆಶ್‌ನರ್ ಯಾವುದೂ ಹತ್ತಿರ ಬೇಡ. ಆಯುಧಪೂಜೆಗೆ ಯಂತ್ರಗಳಿಗೆ ಕುಂಕುಮ, ಹೂವು ಇಡಬೇಕೆಂದರೆ ಹೊರಗಿನ ಕೋಣೆಯ ಸೆಂಟ್ರಿಫ್ಯೂಜ್‌ಗೆ ಇಡಿ. ಕರ್ಪೂರ, ಊದುಬತ್ತಿ ಕಟ್ಟಡದ ಹೊರಗೆ. ಆ ವಾರ ಭ್ರೂಣ ಇಲ್ಲದಂತೆ ಸೆಷನ್ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.

ಎಂಬ್ರಿಯೊ_ಯಲಹಂಕ

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಎಮ್ಮೆಯ ಓಸೈಟ್ ತಂದು ವೀರ್ಯ ಇಲ್ಲದೆ ಪಾರ್ಥೆನೋಟ್ (ರಾಸಾಯನಿಕದಿಂದ ಬೆಳೆಯಲು ಶುರುಮಾಡಿಸಿದ ಭ್ರೂಣ) ಮಾಡಿ. 24 ಗಂಟೆ ಮೆಚುರೇಷನ್ ಆದ ಮೇಲೆ ಕ್ಯುಮುಲಸ್ ಬಿಡಿಸಿ, 5 ಮೈಕ್ರೋಮೋಲಾರ್ ಅಯನೊಮೈಸಿನ್‌ನಲ್ಲಿ 5 ನಿಮಿಷ, ಆಮೇಲೆ 2 ಮಿಲಿಮೋಲಾರ್ 6-ಡಿಎಂಎಪಿಯಲ್ಲಿ 4 ಗಂಟೆ, ಚೆನ್ನಾಗಿ ತೊಳೆದು ಎಸ್‌ಒಎಫ್‌ಗೆ. ವೀರ್ಯದ ಗೊಂದಲವೇ ಇಲ್ಲ. ಇದೂ ನಿಂತರೆ ತಪ್ಪು ಓಸೈಟ್‌ನಲ್ಲೋ ಕಲ್ಚರ್‌ನಲ್ಲೋ ಇದೆ. ಒಂದೇ ದಿನದ ಓಸೈಟ್ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ಆಯಿಲ್, ಇನ್ನೊಂದಕ್ಕೆ ಹೊಸದು, ಉಳಿದದ್ದೆಲ್ಲ ಅದೇ.

ದೇವನಹಳ್ಳಿ_ಐವಿಎಫ್

ಎರಡು ವಾರದ ಲೆಕ್ಕ. ಪಿಹೆಚ್ 5.0%ರಲ್ಲಿ 7.48, 5.6%ರಲ್ಲಿ 7.42, 6.2%ರಲ್ಲಿ 7.37. ಸೆಟಿಂಗ್ 6.2ರಲ್ಲಿ ನಿಲ್ಲಿಸಿದ್ದೇವೆ. ಡ್ರಾಪ್ ಒಳಗಿನ ತಾಪ ಮೇಲಿನ ಶೆಲ್ಫ್‌ನಲ್ಲಿ 38.4, ನಾವು ಭ್ರೂಣ ಇಡುತ್ತಿದ್ದ ಬಾಗಿಲ ಕಡೆ 37.6. ಮೊದಲ ಡ್ರಾಪ್‌ನಿಂದ ಆಯಿಲ್‌ವರೆಗೆ 11 ನಿಮಿಷ ಆಗುತ್ತಿತ್ತು. ಇವೆಲ್ಲ ತಿದ್ದಿದ ಮೇಲೆ ಎಮ್ಮೆಯ ಪಾರ್ಥೆನೋಟ್: ಹಳೆಯ ಆಯಿಲ್ ಕೆಳಗೆ 20ರಲ್ಲಿ 3 ಬ್ಲಾಸ್ಟೊಸಿಸ್ಟ್, ಹೊಸದರ ಕೆಳಗೆ 21ರಲ್ಲಿ 7.

ಮಂಡ್ಯ_ಭ್ರೂಣ

7.48 ಎಂದರೆ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಪೀಣ್ಯ ಸರ್ ಹೇಳಿದ್ದು ಸರಿ. ಆಯಿಲ್‌ನ 3ಕ್ಕೂ 7ಕ್ಕೂ ಇರುವ ಅಂತರ ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕವೂ ಆಗಿರಬಹುದು, ಇನ್ನೂ ಎರಡು ಸಲ ಮಾಡಿ ಕೂಡಿಸಿ. ಹಳೆಯ ಬಾಟಲಿ ಬಿಸಾಡಬೇಡಿ, ‘ಪರೀಕ್ಷೆಗೆ ಮಾತ್ರ’ ಎಂದು ಬರೆದಿಡಿ.

ಎಂಬ್ರಿಯೊ_ಯಲಹಂಕ

6ನೇ ದಿನದ ಮೊರುಲಾ ಹೇಗೆ ಕಾಣುತ್ತಿದೆ? ಕೋಶಗಳ ಗೆರೆ ಮಾಯವಾಗಿ, ನೆನೆದ ಸಬ್ಬಕ್ಕಿ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾದ ಹಾಗೆ ಇರಬೇಕು, ಮುದ್ದೆಗೂ ಝೋನಾಗೂ (ಹೊರಗಿನ ಪೊರೆ) ನಡುವೆ ಸುತ್ತ ತೆಳು ಜಾಗ. ಬಿಡಿ ಬಿಡಿ ಕೋಶ ಪಕ್ಕದಲ್ಲಿ ತೇಲುತ್ತಿದ್ದರೆ ಆ ಪಾಲು ಸೇರಲಿಲ್ಲ ಎಂದು ಅರ್ಥ. 7ನೇ ದಿನ ಒಂದು ಬದಿಯಲ್ಲಿ ಒಳಕೋಶಗಳ ಗುಂಪು ಕಪ್ಪು ಚುಕ್ಕೆಯಂತೆ ಒತ್ತಾಗಿ, ಉಳಿದದ್ದು ನೀರು ತುಂಬಿ ತಿಳಿಯಾಗಿ, ಝೋನಾ ತೆಳುವಾಗುತ್ತ ಬಂದಿದ್ದರೆ ಕಸಿಗೆ ಯೋಗ್ಯ.

ದೇವನಹಳ್ಳಿ_ಐವಿಎಫ್

ಹೊಸ ಆಯಿಲ್ ಕೆಳಗಿನವು ನೀವು ಹೇಳಿದ ಹಾಗೇ ಮುದ್ದೆಯಾಗಿವೆ ಮೇಡಂ. ಮುಂದಿನ ಗಿರ್ ಸೆಷನ್ ಇದೇ ಸೆಟಿಂಗ್‌ನಲ್ಲಿ. ಭ್ರೂಣ ಸಿಕ್ಕರೆ ಫ್ರೆಶ್ ಆಗಿಯೇ ಕಸಿ ಮಾಡುವ ಯೋಚನೆ. ಬಾಡಿಗೆ ತಾಯಿ ಹಸುಗಳ ಬೆದೆಯನ್ನು ಯಾವ ದಿನಕ್ಕೆ ಹೊಂದಿಸಬೇಕು?

ತುಮಕೂರು_ವೆಟ್

ನಿಮ್ಮ ಐವಿಎಫ್ ದಿನ ಮತ್ತು ಹಸು ಬೆದೆಗೆ ಬಂದ ದಿನ ಒಂದೇ ಆಗಿರಲಿ, ಹೆಚ್ಚೆಂದರೆ ಒಂದು ದಿನ ಆಚೀಚೆ. ಕಸಿಯ ಬೆಳಿಗ್ಗೆ ಸ್ಕ್ಯಾನ್ ಮಾಡಿ, ಕಾರ್ಪಸ್ ಲೂಟಿಯಂ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಗ್ರಂಥಿ) ಚೆನ್ನಾಗಿ ಕಂಡ ಹಸುವನ್ನು ಮಾತ್ರ ತೆಗೆದುಕೊಳ್ಳಿ. ಅದು ಎಡ ಅಂಡಾಶಯದಲ್ಲೋ ಬಲದಲ್ಲೋ ಎಂದು ಬಾಲದ ಬುಡದಲ್ಲಿ ಚಾಕ್‌ನಿಂದ ಗುರುತು ಹಾಕಿ, ಭ್ರೂಣ ಅದೇ ಬದಿಯ ಗರ್ಭಕೋಶದ ಕೊಂಬಿಗೆ ಹೋಗಬೇಕು.

0.25 ಮಿಲಿಲೀಟರ್ ಸ್ಟ್ರಾದಲ್ಲಿ ಮೀಡಿಯಾ, ಗಾಳಿ, ಭ್ರೂಣ ಇರುವ ಮೀಡಿಯಾ, ಗಾಳಿ, ಮತ್ತೆ ಮೀಡಿಯಾ ಈ ಕ್ರಮದಲ್ಲಿ ಎಳೆದುಕೊಳ್ಳಿ. ತುಂಬಿದ ಮೇಲೆ ಡಿಶ್ ಅನ್ನು ಮತ್ತೊಮ್ಮೆ ಮೈಕ್ರೋಸ್ಕೋಪ್ ಕೆಳಗೆ ಹುಡುಕಿ, ಭ್ರೂಣ ಅಲ್ಲೇ ಉಳಿದಿರುವುದು ಆಗಾಗ ಆಗುತ್ತದೆ. ಸ್ಟ್ರಾದಲ್ಲಿ ಹೆಪಿಸ್ ಇರುವ ಹೋಲ್ಡಿಂಗ್ ಮೀಡಿಯಾ ಇರಲಿ, ಎಸ್‌ಒಎಫ್ ಅಲ್ಲ. ನೆಲಮಂಗಲಕ್ಕೆ ಬೆಳಿಗ್ಗೆ ಏಳರೊಳಗೆ ಹೊರಡಿ, ಬಿಸಿಲೇರುವ ಮೊದಲು ಕಸಿ ಮುಗಿಸಬಹುದು.